ಲಾ ಪಾಜ್‌ನಲ್ಲಿ ಅತ್ತೆಯ ಭಾನುವಾರ

ಅತ್ತೆಯವರ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿ ಎರಡು ಹೋಳಾಗಿತ್ತು. ಚಿಕ್ಕವರಿದ್ದಾಗ ಹುಲ್ಲು ಕೊಯ್ಯುತ್ತಾ ಕತ್ತಿ ತಾಗಿದ್ದಂತೆ. ಆಮೇಲೆ ಅದು ಒಂದಾಗಿ ಬೆಳೆಯಲೇ ಇಲ್ಲ. ಆ ಉಗುರಿನಿಂದಲೇ ಅವರು ಲೋಕವನ್ನು ಪರೀಕ್ಷೆ ಮಾಡುತ್ತಿದ್ದರು. ಸೋರೆಕಾಯಿಗೆ ಒತ್ತಿ ಎಳೆಯದೋ ಬಲಿತದ್ದೋ ನೋಡುವುದು, ಹೊಸ ಸೀರೆಯ ಜರಿ ಕೆರೆಯುವುದು, ಬೆಲ್ಲದ ಅಚ್ಚಿನ ಮೂಲೆ ಕೀಳುವುದು. ಶಿಕಾರಿಪುರದ ಸಂತೆಯಲ್ಲಿ ಇವರು ಬರುವುದನ್ನು ಕಂಡರೆ ಸೋರೆಕಾಯಿ ಮಾರುವ ಮನುಷ್ಯನೊಬ್ಬ ಗೋಣಿಚೀಲ ಎಳೆದು ಕಾಯಿಗಳನ್ನು ಮುಚ್ಚುತ್ತಿದ್ದ.

"ಯಮ್ಮಾ, ಉಗುರು ಹಾಕಬ್ಯಾಡ್ರಿ. ನಿಮ್ಮ ಕಾಲಾಗ ನನ್ನ ಕಾಯಿಗೆಲ್ಲ ಸಿಡುಬು ಬಂದಂಗಾಗೇತಿ."

"ಸಿಡುಬು ಬಂದ ಕಾಯಿ ನಾನೇ ತಗಳ್ತೀನಿ ಮಾರಾಯ, ಅಳಬೇಡ. ಮೇಲೆ ಒಂದು ಹಿಡಿ ಕೊತ್ತಂಬರಿ ಹಾಕು," ಅನ್ನುತ್ತಿದ್ದರು ಅತ್ತೆ. ಅವನು ಗೊಣಗುತ್ತಲೇ ಹಾಕುತ್ತಿದ್ದ.

ನಾನು ಕಾನ್ವೆಂಟಿನಲ್ಲಿ ಓದಿದವಳು. ಕೊಟ್ಟಿದ್ದನ್ನು ತೆಗೆದುಕೊಂಡು ಥ್ಯಾಂಕ್ಯೂ ಹೇಳಿ ಸಾಲಿನಲ್ಲಿ ಮುಂದೆ ಹೋಗಬೇಕು ಅಂತ ನಮ್ಮ ಸಿಸ್ಟರ್‌ಗಳು ಕಲಿಸಿದ್ದರು. ಮದುವೆಯಾಗಿ ಬಂದ ಹೊಸದರಲ್ಲಿ ಅತ್ತೆ ಸಂತೆಯಲ್ಲಿ ಕೊಸರು ಕೇಳುವಾಗ ನನಗೆ ಎಲ್ಲಿ ಮುಖ ಇಟ್ಟುಕೊಳ್ಳಲಿ ಅನ್ನಿಸುತ್ತಿತ್ತು. ತೂಕ ಆಗಿದೆ, ದುಡ್ಡು ಕೊಟ್ಟಾಗಿದೆ, ಇನ್ನೂ ಸೆರಗು ಹಿಡಿದು ನಿಂತಿದ್ದಾರಲ್ಲ ಅಂತ. ಒಂದು ಸಲ ನಾಲ್ಕು ಹೆಜ್ಜೆ ಮುಂದೆ ಹೋಗಿ ಯಾರದೋ ಜೊತೆ ಬಂದವಳ ಹಾಗೆ ನಿಂತುಕೊಂಡೆ. ಅತ್ತೆಗೆ ಅದು ಗೊತ್ತಾಗದೆ ಇರಲಿಲ್ಲ. ದಾರಿಯಲ್ಲಿ ಹೇಳಿದರು, "ತೂಕ ಎಲ್ಲರಿಗೂ ಹಾಕ್ತಾನೆ ಕಣೆ. ಮೇಲೆ ಒಂದು ಹಿಡಿ ಹಾಕಬೇಕು ಅಂದ್ರೆ ಇವಳು ನಮ್ಮವಳು ಅಂತ ಅವನಿಗೆ ಅನ್ನಿಸಬೇಕು. ನಾನು ಕೇಳೋದು ಕೊತ್ತಂಬರಿ ಅಲ್ಲ." ಮನೆಗೆ ಬಂದು ಆ ಕೊತ್ತಂಬರಿಯನ್ನು ಪಕ್ಕದ ಮನೆಯವರಿಗೆ ಕೊಟ್ಟುಬಿಟ್ಟರು. ನಮ್ಮಲ್ಲಿ ಅವತ್ತು ಬೇಕಾಗಿರಲೇ ಇಲ್ಲ.

ಅತ್ತೆಯ ತವರು ಸೊರಬದ ಕಡೆ, ಕ್ಯಾಸನೂರಿನ ಕಾಡಿಗೆ ಅಂಟಿಕೊಂಡ ಒಂದು ಊರು. ಮಂಗನ ಕಾಯಿಲೆ ಬಂದ ಒಂದು ವರ್ಷ ಅವರ ಬೆನ್ನಿಗೆ ಹುಟ್ಟಿದ ತಮ್ಮ ಜ್ವರದಲ್ಲಿ ಹೋಗಿಬಿಟ್ಟ. ಆ ಕತೆಯನ್ನು ಅವರು ಮಗಳಿಗೆ, ಎಂದರೆ ನನ್ನ ನಾದಿನಿಗೆ, ಊಟ ಮಾಡಿಸುವಾಗ ಹೇಳುತ್ತಿದ್ದರಂತೆ. ಕಾಡಿಗೆ ಹೋದರೆ ಉಣುಗು, ಅಂದರೆ ಉಣ್ಣೆ ಹುಳ, ಕಚ್ಚುತ್ತದೆ, ಹುಷಾರು ಅಂತ ಹೆದರಿಸಲಿಕ್ಕೆ ಹೇಳಿದ್ದು. ಹುಡುಗಿ ಹೆದರಲಿಲ್ಲ. ಉಣುಗು, ಇಲಿಗಳಿಂದ ಮನುಷ್ಯರಿಗೆ ಬರುವ ಕಾಡುಜ್ವರಗಳನ್ನೇ ಓದಿದಳು, ಅದರಲ್ಲೇ ಡಾಕ್ಟರೇಟ್ ಮಾಡಿದಳು, ಕೊನೆಗೆ ಅದೇ ಕೆಲಸದ ಮೇಲೆ ದಕ್ಷಿಣ ಅಮೆರಿಕದ ಬೊಲಿವಿಯಾಕ್ಕೆ ಹೋಗಿ ಲಾ ಪಾಜ್ ಎಂಬ ನಗರದಲ್ಲಿ ನಿಂತುಬಿಟ್ಟಳು. ಮದುವೆ ಬೇಡ ಅಂದಳು. ಎರಡು ವರ್ಷ ಅಂದದ್ದು ಒಂಬತ್ತಾಯಿತು.

ಅಲ್ಲಿಗೆ ಅತ್ತೆ ಹೊರಟದ್ದು ಊರು ನೋಡಲಿಕ್ಕಲ್ಲ, ಮಗಳನ್ನು ವಾಪಸ್ ಕರೆಯಲಿಕ್ಕೆ. ಮಹಡಿಯ ಕೋಣೆಗೆ ಸುಣ್ಣ ಬಳಿಸಿ, ಕಿಟಕಿಗೆ ಸೊಳ್ಳೆಪರದೆ ಹಾಕಿಸಿದ್ದರು. ಶಿವಮೊಗ್ಗದಲ್ಲೇ ಇಂಥ ಕೆಲಸ ಸಿಗುತ್ತದಂತೆ ಎಂದು ಯಾರನ್ನೋ ವಿಚಾರಿಸಿ ಇಟ್ಟುಕೊಂಡಿದ್ದರು. "ಫೋನಲ್ಲೇ ಕೇಳಿಬಿಡಿ ಅತ್ತೆ," ಅಂದಿದ್ದೆ ನಾನು. "ಇಂಥದ್ದೆಲ್ಲ ಫೋನಲ್ಲಿ ಕೇಳೋದಲ್ಲ. ಎದುರಿಗೆ ಕೂರಿಸ್ಕೊಂಡು, ಬಡಿಸಿ, ಉಂಡಮೇಲೆ ಕೇಳಬೇಕು," ಅಂದರು. ನಮ್ಮವರಿಗೆ ಬಿತ್ತನೆ ಬೀಜದ ಅಂಗಡಿ, ಮುಂಗಾರಿನ ಹೊತ್ತಿನಲ್ಲಿ ಬಿಟ್ಟು ಬರುವ ಹಾಗಿರಲಿಲ್ಲ. ಇಂಗ್ಲಿಷ್ ಬರುತ್ತದೆ ಅಂತ ನನ್ನನ್ನು ಜೊತೆಗೆ ಹಾಕಿದರು.

ಲಾ ಪಾಜ್‌ನಲ್ಲಿ ಇಳಿದಮೇಲೆ ನನ್ನ ಇಂಗ್ಲಿಷ್ ಯಾರಿಗೂ ಬೇಕಾಗಲಿಲ್ಲ. ಅಲ್ಲಿ ಎಲ್ಲರದೂ ಸ್ಪ್ಯಾನಿಷ್. ನಾನು ವಿನಯವಾಗಿ ಎಕ್ಸ್‌ಕ್ಯೂಸ್ ಮಿ ಅಂದರೆ ಜನ ವಿನಯವಾಗಿ ನಕ್ಕು ಹೋಗುತ್ತಿದ್ದರು. ಅತ್ತೆ ಕನ್ನಡದಲ್ಲೇ ಗಟ್ಟಿಯಾಗಿ "ಬಿಸಿನೀರು ಕೊಡು ತಂಗಿ" ಅಂದರೆ ಬಿಸಿನೀರು ಬರುತ್ತಿತ್ತು. "ನಿನ್ನ ಕಾನ್ವೆಂಟು ಇಲ್ಲಿ ನಡೆಯಲ್ಲ ಬಿಡು," ಅಂತ ದಿನಕ್ಕೊಮ್ಮೆ ಹೇಳುತ್ತಿದ್ದರು. ಊರು ಎಷ್ಟು ಎತ್ತರದಲ್ಲಿದೆ ಎಂದರೆ ನಾದಿನಿಯ ಮನೆಯ ಮೆಟ್ಟಿಲು ಹತ್ತುವಷ್ಟರಲ್ಲಿ ಎದೆ ಡವಗುಟ್ಟುತ್ತಿತ್ತು. ಅಲ್ಲಿ ಜೂನ್ ತಿಂಗಳು ಚಳಿಗಾಲ. ಅತ್ತೆ ಸೀರೆಯ ಕೆಳಗೆ ಮಗನ ಕಾಲುಚೀಲ, ಮೇಲೆ ಮಗಳ ಕೋಟು ಹಾಕಿಕೊಂಡು, ಹಣೆಗೆ ಕಾಸಗಲ ಕುಂಕುಮ ಇಟ್ಟುಕೊಂಡು ಕಿಟಕಿ ಹತ್ತಿರ ಕೂತು ಮಗಳು ಬರುವುದನ್ನೇ ಕಾಯುತ್ತಿದ್ದರು. ನಾದಿನಿ ಬರುತ್ತಿದ್ದದ್ದು ಸುಸ್ತಾಗಿ. ಅಡುಗೆಕಟ್ಟೆಗೆ ಒರಗಿ ನಿಂತೇ ಎರಡು ತುತ್ತು ಉಂಡು ಮಲಗಿಬಿಡುತ್ತಿದ್ದಳು. ಕೂರಿಸಿಕೊಂಡು ಕೇಳುವ ಹೊತ್ತು ಸಿಗಲೇ ಇಲ್ಲ. ಹೀಗೆ ಕೊನೆಯ ಭಾನುವಾರ ಬಂತು. ಸೋಮವಾರ ನಮ್ಮ ವಿಮಾನ.

ಆ ಬೆಳಿಗ್ಗೆ ನಾದಿನಿಗೆ ಲ್ಯಾಬಿನಿಂದ ಫೋನು. ಎಲ್ಲಿಂದಲೋ ರಕ್ತದ ಮಾದರಿಗಳು ಬಂದಿವೆ, ಇವಳೇ ಹೋಗಬೇಕು. ಮುಖ ಸಣ್ಣ ಮಾಡಿಕೊಂಡು, "ಸಂಜೆ ಬೇಗ ಬರ್ತೀನಮ್ಮ, ಎಲ್ಲರೂ ಒಟ್ಟಿಗೆ ಊಟ ಮಾಡಣ. ಅತ್ತಿಗೆ, ನೀವಿಬ್ರೂ ಮನೇಲೇ ಇರಿ," ಅಂದು ಹೋದಳು.

ಬಾಗಿಲು ಮುಚ್ಚಿದ ಕೂಡಲೇ ಅತ್ತೆ ಎದ್ದರು. "ಏಳೆ. ಹೊರಡು."

"ಎಲ್ಲಿಗೆ ಅತ್ತೆ?"

"ಇವಳು ಒಂಬತ್ತು ವರ್ಷ ಬಿಡದ ಊರು ಎಂತದು ಅಂತ ನೋಡಬೇಡ್ವಾ. ಕಿಟಕೀಲಿ ಎಷ್ಟು ಅಂತ ನೋಡೋದು."

ಹೊರಗೆ ಆಕಾಶ ನೀಲಿ ಅಂದರೆ ನೀಲಿ. ಭಾನುವಾರವಾದ್ದರಿಂದ ದೊಡ್ಡ ರಸ್ತೆಯಲ್ಲಿ ವಾಹನ ಬಿಟ್ಟಿರಲಿಲ್ಲ. ನಡುರಸ್ತೆಯಲ್ಲಿ ಮಕ್ಕಳು ಗಾಲಿಬೂಟು ಹಾಕಿಕೊಂಡು ಓಡುತ್ತಿದ್ದರು, ಒಬ್ಬ ಮುದುಕ ಮುದುಕಿಯ ಸೊಂಟ ಹಿಡಿದು ಬ್ಯಾಂಡಿಗೆ ಕುಣಿಯುತ್ತಿದ್ದ. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು, ಆದರೆ ಹಾಡು ಮುಗಿಯುವ ತನಕ ಅಲ್ಲಿಂದ ಕದಲಲಿಲ್ಲ. ವಾಹನ ಓಡಾಡುವ ಅಡ್ಡರಸ್ತೆಗೆ ಬಂದಾಗ ಮೈತುಂಬ ಪಟ್ಟೆಪಟ್ಟೆ ಜೀಬ್ರಾದ ವೇಷ ಹಾಕಿದ್ದ ಒಬ್ಬರು ಎದುರಿಗೆ ಬಂದು ಅತ್ತೆಗೆ ಬಗ್ಗಿ ನಮಸ್ಕಾರ ಮಾಡಿ, ಕೈ ಹಿಡಿದು, ಬಸ್ಸುಗಳನ್ನು ನಿಲ್ಲಿಸಿ ರಸ್ತೆ ದಾಟಿಸಿದರು. ಜನರಿಗೆ ರಸ್ತೆ ದಾಟುವ ಶಿಸ್ತು ಕಲಿಸಲು ಆ ಊರಿನಲ್ಲಿ ಹೀಗೆ ವೇಷ ಹಾಕಿ ನಿಲ್ಲುತ್ತಾರೆ ಎಂದು ನಾದಿನಿ ಹೇಳಿದ್ದು ಆಮೇಲೆ. ಅತ್ತೆಗೆ ಅದು ನಮ್ಮ ಕಡೆ ಮನೆಮನೆಗೆ ಬರುವ ಹಗಲುವೇಷ. ದಾಟಿದವರೇ ಸೊಂಟದ ಚೀಲ ಬಿಚ್ಚಿ ಜೀಬ್ರಾದ ಕೈಗೆ ಒಂದು ನಾಣ್ಯ ಇಟ್ಟರು. ಜೀಬ್ರಾ ಬೇಡ ಎಂದು ತಲೆಯಾಡಿಸಿತು. "ಕಮ್ಮಿ ಆಯ್ತೇನೆ?" ಅಂತ ನನ್ನನ್ನು ಕೇಳಿ ಇನ್ನೊಂದು ಇಟ್ಟರು. ಜೀಬ್ರಾ ಎರಡನ್ನೂ ಅತ್ತೆಯ ಅಂಗೈಯಲ್ಲಿಟ್ಟು ಬೆರಳು ಮಡಿಸಿ, ಅವರನ್ನು ತಬ್ಬಿಕೊಂಡು ಹೋಯಿತು. ಅತ್ತೆ ನಾಣ್ಯಗಳನ್ನು ಮತ್ತೆ ಚೀಲಕ್ಕೆ ಹಾಕಿಕೊಂಡರು. "ವೇಷದವರನ್ನ ಬರಿಗೈಲಿ ಕಳಿಸಿದ್ದು ಇದೇ ಮೊದಲು," ಅಂದರು.

ಆ ಊರಿನಲ್ಲಿ ಸಿಟಿ ಬಸ್ಸಿನ ಹಾಗೆ ತಂತಿಯ ಮೇಲೆ ತೊಟ್ಟಿಲುಗಳು ಓಡುತ್ತವೆ. ಕೇಬಲ್ ಕಾರು. ಹತ್ತುವಾಗ ಅತ್ತೆ ನನ್ನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದರೆಂದರೆ ಬಳೆ ಚರ್ಮಕ್ಕೆ ಒತ್ತಿತು. ಮೇಲೇರುತ್ತಾ ಹೋದ ಹಾಗೆ ಬಟ್ಟಲಿನಂಥ ಕಣಿವೆಯ ತುಂಬ ಇಟ್ಟಿಗೆ ಬಣ್ಣದ ಮನೆಗಳು, ಆಚೆ ಹಿಮ ಹೊದ್ದ ಬೆಟ್ಟ. ನಾನು ಬೆಟ್ಟ ನೋಡುತ್ತಿದ್ದೆ. ಅತ್ತೆ ಕೆಳಗೆ ನೋಡಿ ತಟ್ಟನೆ ಮುಖ ತಿರುಗಿಸಿದರು. ತಲೆ ಸುತ್ತಿತಾ ಅಂತ ಕೇಳಿದೆ.

"ತಲೆ ಸುತ್ತಲ್ಲ ಮಾರಾಯ್ತಿ. ಯಾರೋ ಪಾಪ ಮಹಡಿ ಮೇಲೆ ಕೂದಲು ಒಣಗಿಸ್ತಾ ಕೂತಿದಾಳೆ. ಇನ್ನೊಬ್ಬಳು ಮಗೂಗೆ ಹಾಲು ಕುಡಿಸ್ತಿದಾಳೆ. ಹೀಗೆ ಜನರ ಹಿತ್ತಲು ನೋಡ್ತಾ ಹೋಗಬಾರದು ಕಣೆ."

ತೊಟ್ಟಿಲು ಮೇಲೆ ನಿಲ್ಲುವವರೆಗೂ ಅವರು ಕಣ್ಣು ಮುಚ್ಚಿಕೊಂಡೇ ಇದ್ದರು. ಮೇಲೆ ಇಳಿದರೆ ದೊಡ್ಡ ಸಂತೆ, ಬೀದಿ ಬೀದಿ ತುಂಬಿ ಕಣ್ಣಿಗೆ ಕಾಣುವಷ್ಟು ದೂರ ಹರಡಿತ್ತು. ಹಳೇ ಬಾಗಿಲು, ಹೊಸ ಕಂಬಳಿ, ಕಾರಿನ ಚಕ್ರ, ಮೀನು. ಗುಂಡು ಕರಿಟೋಪಿ ಇಟ್ಟುಕೊಂಡ ಹೆಂಗಸರು ಲಂಗದ ಮೇಲೆ ಲಂಗ ಉಟ್ಟು, ಬೆನ್ನಿಗೆ ಬಣ್ಣದ ಬಟ್ಟೆಯಲ್ಲಿ ಕೂಸು ಕಟ್ಟಿಕೊಂಡು ವ್ಯಾಪಾರ ಮಾಡುತ್ತಿದ್ದರು. ಅವರ ಜೋಡಿ ಜಡೆಗಳ ತುದಿಗೆ ಕುಚ್ಚು ಇತ್ತು. "ಜಡೆಕುಚ್ಚು," ಅಂದರು ಅತ್ತೆ, ಬಹಳ ದಿನದ ಮೇಲೆ ಪರಿಚಯದವರನ್ನು ಕಂಡ ಹಾಗೆ. ಹೆಬ್ಬೆರಳು ಗಾತ್ರದ ಜೋಳದ ಅರಳನ್ನು ರಾಶಿ ಹಾಕಿದ್ದು ಕಂಡು, ಮಂಡಕ್ಕಿ ಅಂತ ಆಸೆಯಿಂದ ಒಂದು ಪೊಟ್ಟಣ ಕೊಂಡರು. ಬಾಯಿಗೆ ಹಾಕಿಕೊಂಡರೆ ಸಿಹಿ. "ಮಂಡಕ್ಕಿಗೆ ಸಕ್ಕರೆ ಹಾಕಿದಾರಲ್ಲೇ ಪುಣ್ಯಾತ್ಮರು. ಒಂದು ಮೆಣಸಿನಕಾಯಿ ಬಜ್ಜಿ ಇಡೋರು ಇಲ್ವಾ ಈ ಊರಲ್ಲಿ." ಹಾಗಂದರೂ ಪೊಟ್ಟಣವನ್ನು ನನ್ನ ಕೈಗೆ ಕೊಡಲಿಲ್ಲ.

ನಗುನಗುತ್ತಲೇ ಇದ್ದರು. ಆದರೆ ಎಲ್ಲೋ ಒಳಗೆ ಲೆಕ್ಕ ಹಾಕುತ್ತಿದ್ದರು ಅಂತ ನನಗೆ ಗೊತ್ತಾಗುತ್ತಿತ್ತು. ಒಂದು ಕಲ್ಲುಬೆಂಚಿನ ಮೇಲೆ ಕೂತಾಗ ಹೇಳಿದರು, "ಊರು ಚಂದ ಇದೆ. ಜನಾನೂ ಒಳ್ಳೆಯವರೆ. ಆದ್ರೆ ಒಂದು ದಿನ ಮೈ ಹುಷಾರಿಲ್ಲ ಅಂದ್ರೆ ಇವಳ ಬಾಗಿಲು ತಟ್ಟೋರು ಯಾರು? ಅದಕ್ಕೇ ಕೇಳೋದು ನಾನು. ಇವತ್ತು ಹುಳಿ ಮಾಡ್ತೀನಿ. ಉಂಡಮೇಲೆ ಕೇಳ್ತೀನಿ."

ಹುಳಿಗೆ ತರಕಾರಿ ಬೇಕಲ್ಲ. ವಾಪಸ್ ಇಳಿದು ನಾದಿನಿಯ ಮನೆಯ ಕೆಳಗಿನ ಬೀದಿಯಲ್ಲಿ ಭಾನುವಾರ ಮಾತ್ರ ಕೂರುವ ತರಕಾರಿಯವರ ಹತ್ತಿರ ಹೋದೆವು. ಮೂಲೆಯಲ್ಲಿ ಒಬ್ಬ ದಪ್ಪ ಹೆಂಗಸು, ಅತ್ತೆಯಷ್ಟೇ ವಯಸ್ಸು, ಎದುರಿಗೆ ಕಪ್ಪು, ನೇರಳೆ, ಹಳದಿ ಆಲೂಗಡ್ಡೆಗಳು, ದಪ್ಪ ದಪ್ಪ ಅವರೆಯಂಥ ಕಾಯಿಗಳು. ಅತ್ತೆ ಕೂತರು, ಒಂದು ಕಾಯಿ ಎತ್ತಿ ಉಗುರು ಹಾಕಿದರು. ಆಕೆ ಅತ್ತೆಯ ಕೈಮೇಲೆ ಪಟ್ಟನೆ ಒಂದು ಏಟು ಕೊಟ್ಟಳು. ಅತ್ತೆ ನಕ್ಕರು, ಆಕೆಯೂ ನಕ್ಕಳು. ಕಾಯಿ ಅಳೆದಳು, ನಾನು ದುಡ್ಡು ಕೊಟ್ಟೆ. ಅತ್ತೆ ಎದ್ದು ಸೆರಗು ಒಡ್ಡಿ, "ಇನ್ನೊಂದು ಹಿಡಿ ಹಾಕು ತಾಯಿ," ಅಂದರು.

ಆಕೆ ಅತ್ತೆಯ ಸೀರೆ ನೋಡಿದಳು, ಕುಂಕುಮ ನೋಡಿದಳು. ಆಮೇಲೆ ಕತ್ತೆತ್ತಿ ನಾದಿನಿಯ ಮನೆಯ ಕಿಟಕಿ ತೋರಿಸಿ ಏನೋ ಕೇಳಿದಳು. ಅದರಲ್ಲಿ ನನಗೆ ತಿಳಿದದ್ದು ಎರಡೇ ಮಾತು, ದೊಕ್ತೋರಾ ಮತ್ತು ಮಮಾ. ನಾನು ಹೌದೆಂದು ತಲೆಯಾಡಿಸಿದೆ.

ಆಕೆ ಎದ್ದು ನಿಂತು ಅತ್ತೆಯ ಎರಡೂ ಕೆನ್ನೆ ಹಿಡಿದುಕೊಂಡಳು. ಸೆರಗಿಗೆ ಒಂದು ಹಿಡಿಯಲ್ಲ, ಬೊಗಸೆ ತುಂಬ ಸುರಿದಳು. ಹಿಂದಿನಿಂದ ಒಂದು ಚೀಲ ಎಳೆದು ತೋರಿಸಿದಳು. ನಾದಿನಿಗೆಂದು ಎತ್ತಿಟ್ಟ ಸೊಪ್ಪು, ಗಡ್ಡೆ. ಮತ್ತೆ ತನ್ನ ಕಿರುಬೆರಳು ಎತ್ತಿ ಹಿಡಿದು, ನಿನ್ನ ಮಗಳು ಇಷ್ಟು ಸಣ್ಣ ಆಗಿದ್ದಾಳೆ ಅಂತ ಅತ್ತೆಯನ್ನೇ ಬೈಯುವ ಹಾಗೆ ಏನೇನೋ ಅಂದಳು. ಅತ್ತೆ ಕನ್ನಡದಲ್ಲಿ, "ನನಗೆ ಬೈತೀಯಲ್ಲೇ, ಅವಳು ನಿಂತ್ಕೊಂಡು ಉಣ್ತಾಳೆ, ನಾನೇನು ಮಾಡಲಿ," ಅಂದರು. ಆಕೆ ಅದಕ್ಕೆ ಉತ್ತರ ಕೊಟ್ಟಳು. ಹೀಗೆ ಒಬ್ಬರದು ಒಂದು ಭಾಷೆ, ಇನ್ನೊಬ್ಬರದು ಇನ್ನೊಂದು. ನಾನು ಚೀಲ ಹಿಡಿದು ನಿಂತಿದ್ದೆ.

ಮಾತಿನ ನಡುವೆ ಆಕೆ ಕೈಸನ್ನೆಯಲ್ಲಿ ಒಂದು ಸಂಗತಿ ಹೇಳಿದಳು. ನಾದಿನಿಯ ಕಿಟಕಿ ತೋರಿಸಿ, ಕೆನ್ನೆಯ ಕೆಳಗೆ ಎರಡೂ ಕೈ ಜೋಡಿಸಿ ಮಲಗಿದ ಹಾಗೆ ಮಾಡಿದಳು. ಹಣೆ ಮುಟ್ಟಿ, ಬಿಸಿ ತಾಗಿದವಳ ಹಾಗೆ ಕೈ ಹಿಂದೆಗೆದುಕೊಂಡಳು. ಮೆಟ್ಟಿಲು ತೋರಿಸಿ, ತನ್ನ ಮಂಡಿ ಹಿಡಿದುಕೊಂಡು ಏದುಸಿರು ಬಿಟ್ಟಳು. ಒಂದು ಪಾತ್ರೆ, ಒಂದು ಚಮಚ, ಊದಿ ಊದಿ ಕುಡಿಸುವುದು. ಇದನ್ನು ದಿನ ದಿನ ಎನ್ನುವ ಹಾಗೆ ಮತ್ತೆ ಮತ್ತೆ ಮಾಡಿದಳು. ಒಂದು ವರ್ಷದ ಹಿಂದೆ ನಾದಿನಿ ಕೆಲವು ವಾರ ಸರಿಯಾಗಿ ಫೋನು ಮಾಡಿರಲಿಲ್ಲ. ಹಳ್ಳಿಯ ಕಡೆ ಕೆಲಸ, ಸಿಗ್ನಲ್ ಸಿಗುವುದಿಲ್ಲ ಅಂದಿದ್ದಳು.

ಅತ್ತೆ ಕೋಟಿನ ಜೇಬಿನಿಂದ ಕುಂಕುಮದ ಭರಣಿ ತೆಗೆದು ಆಕೆಯ ಹಣೆಗೆ ಇಟ್ಟರು. ಚೀಲದಲ್ಲಿ ಮಗಳಿಗೆಂದು ಊರಿಂದ ತಂದ ರವಿಕೆ ಕಣ ಇತ್ತು, ದಾರಿಯಲ್ಲಿ ಅದನ್ನು ಹೊಲಿಯುವವರು ಸಿಕ್ಕಾರು ಅಂತ ಹಿಡಿದುಕೊಂಡು ಬಂದಿದ್ದರು. ಅದನ್ನು ಆಕೆಯ ಮಡಿಲಿಗೆ ಹಾಕಿ, ಸೆರಗಿನಲ್ಲಿದ್ದ ಕಾಯಿಗಳನ್ನೇ ಮೂರು ಹಿಡಿ ಅದರ ಮೇಲಿಟ್ಟು ಕೈಮುಗಿದರು. ಕೊಸರು ಕೊಟ್ಟ ಕಾಯಿಯನ್ನೇ ವಾಪಸ್ ಕೊಡುತ್ತಿದ್ದಾಳಲ್ಲ ಎಂದು ಆಕೆಗೆ ಗಲಿಬಿಲಿ. ಉಡಿ ತುಂಬುವುದು ಎಂದರೇನು ಅಂತ ನಾನು ಯಾವ ಭಾಷೆಯಲ್ಲಿ ಹೇಳಲಿ? ಆದರೂ ಆಕೆ ಅತ್ತೆಯ ಮುಖ ನೋಡಿದಳು, ಲಂಗ ಒಡ್ಡಿ ಎಲ್ಲವನ್ನೂ ತೆಗೆದುಕೊಂಡಳು.

ಸಂಜೆ ಹುಳಿ ಆಯಿತು. ನಾದಿನಿ ಹೇಳಿದ ಹಾಗೆ ಬೇಗ ಬಂದಳು, ಅವತ್ತು ಕೂತು ಉಂಡಳು. ಅನ್ನಕ್ಕೆ ಹುಳಿ ಕಲಸುತ್ತಾ ಅಮ್ಮನ ಮುಖ ನೋಡುತ್ತಿದ್ದಳು. ಉಂಡು ಕೈ ತೊಳೆದು ಬಂದು ಮತ್ತೆ ಅದೇ ಕುರ್ಚಿಯಲ್ಲಿ ಕೂತಳು. ನಾನು ಪಾತ್ರೆ ತೊಳೆಯುವ ನೆಪದಲ್ಲಿ ಎದ್ದೆ. ಈಗ ಕೇಳುತ್ತಾರೆ, ಈಗ ಕೇಳುತ್ತಾರೆ ಅಂತ ನೀರನ್ನು ಸಣ್ಣಗೆ ಬಿಟ್ಟುಕೊಂಡು ನಿಂತೆ.

"ಹುಳಿಪುಡಿ ಡಬ್ಬೀಲಿ ಇಟ್ಟಿದೀನಿ. ಒದ್ದೆ ಚಮಚ ಹಾಕಬೇಡ," ಅಂದರು ಅತ್ತೆ. ಅಷ್ಟೇ.

ಮರುದಿನ ವಿಮಾನ ನಿಲ್ದಾಣದಲ್ಲೂ ಅಷ್ಟೇ. ಮಗಳ ಕೋಟಿನ ಗುಂಡಿ ಹಾಕಿದರು, ಕೂದಲು ಕಿವಿಯ ಹಿಂದೆ ಸರಿಸಿದರು. ವಿಮಾನ ಮೇಲೇರಿದ ಮೇಲೆ ನನಗೆ ತಡೆಯಲಾಗಲಿಲ್ಲ. "ಕೇಳಲೇ ಇಲ್ಲವಲ್ಲ ಅತ್ತೆ."

ಅವರು ಕಿಟಕಿಯ ಕಡೆ ತಿರುಗಿದ್ದರು. "ಕೇಳಿದ್ರೆ ಬರ್ತಿದ್ಲು ಕಣೆ," ಅಂದರು. "ಅದಕ್ಕೇ ಕೇಳಲಿಲ್ಲ." ಆಮೇಲೆ ನನ್ನ ಕಡೆ ತಿರುಗಿ, "ಅವಳಿಗೆ ಅಲ್ಲಿ ಜನ ಇದಾರೆ. ಜ್ವರ ಬಂದಾಗ ಮೆಟ್ಟಿಲು ಹತ್ತಿ ಬಂದಿದಾರೆ. ನನಗೋಸ್ಕರ ಅದನ್ನೆಲ್ಲ ಬಿಟ್ಟು ಬಾ ಅನ್ನೋಕೆ ನಾನು ಎಷ್ಟು ದಿನ ಇರ್ತೀನಿ?"

ಎರಡು ವರ್ಷ ಇದ್ದರು. ಸುಣ್ಣ ಬಳಿಸಿದ ಕೋಣೆಯಲ್ಲಿ ನಮ್ಮವರು ಬೀಜದ ಚೀಲ ಇಟ್ಟರು, ಅತ್ತೆ ಬೇಡವೆನ್ನಲಿಲ್ಲ. ಭಾನುವಾರ ಮಧ್ಯಾಹ್ನವೇ ತಲೆ ಬಾಚಿ ಕುಂಕುಮ ತಿದ್ದಿಕೊಂಡು, ಸಂಜೆ ಬರುವ ವಿಡಿಯೊ ಕಾಲಿಗೆ ಕಾಯುತ್ತಿದ್ದರು. ಮಗಳು ಕಂಡರೆ ಮಾತು ಬರುತ್ತಿರಲಿಲ್ಲ. ಮಳೆ ಆಯ್ತು, ಅವರೆ ಬಂತು, ಇಷ್ಟೇ. ಫೋನು ಇಟ್ಟಮೇಲೆ ನನಗೆ ಕೇಳುತ್ತಿದ್ದರು, "ಮುಖ ತುಂಬಿಕೊಂಡಿದೆ ಅಲ್ವಾ?" ಮಳೆಗಾಲದ ಒಂದು ಬೆಳಿಗ್ಗೆ, ಕಾಫಿ ಕುಡಿದು ಲೋಟ ಕೆಳಗಿಟ್ಟು, ಹಾಗೇ ಗೋಡೆಗೆ ಒರಗಿದವರು ಏಳಲಿಲ್ಲ. ನಾದಿನಿ ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು. ತಿಥಿ ಮುಗಿಸಿಕೊಂಡು, ಯಾರ ಹತ್ತಿರವೂ ಹೆಚ್ಚು ಮಾತಾಡದೆ ಹೊರಟುಹೋದಳು.

ಈಗ ನಾನೂ ಸಂತೆಯಲ್ಲಿ ಚೀಲ ಹಿಡಿದು ಕೊಸರು ಕೇಳುತ್ತೇನೆ. ಸೋರೆಕಾಯಿಯವನು, "ಅತ್ತಿ ಹೋದ್ರೂ ಸೊಸಿ ಬಿಡವಲ್ಲಳು," ಅನ್ನುತ್ತಾನೆ, ಮೇಲೆ ಎರಡು ಎಳೆ ಕೊತ್ತಂಬರಿ ಹಾಕುತ್ತಾನೆ. ಒಬ್ಬಳೇ ಮನೆಗೆ ನಡೆಯುವಾಗ, ಪಕ್ಕದಲ್ಲಿ ಇನ್ನೊಬ್ಬರ ಚಪ್ಪಲಿ ಸದ್ದು ಇಲ್ಲದಿರುವುದು ಇವತ್ತಿಗೂ ಅಭ್ಯಾಸವಾಗಿಲ್ಲ.

ಕಳೆದ ಭಾನುವಾರ ಸಂಜೆ ನಾದಿನಿಯ ಫೋನು ಬಂತು. ಅಲ್ಲಿ ಇನ್ನೂ ಬೆಳಿಗ್ಗೆ. ಅದೂ ಇದೂ ಮಾತಾಡಿ, ಆಮೇಲೆ ಕೇಳಿದಳು, "ಅತ್ತಿಗೆ, ಅಮ್ಮ ಇಲ್ಲಿವರೆಗೂ ಬಂದು, ವಾಪಸ್ ಬಾ ಅಂತ ಒಂದು ಮಾತು ಕೇಳಲಿಲ್ಲ ನೋಡಿ. ಅವತ್ತು ಉಂಡಮೇಲೆ ಕಾಯ್ತಾ ಕೂತಿದ್ದೆ. ಕೇಳಿದ್ರೆ ಬಂದುಬಿಡ್ತಿದ್ದೆ. ಅಮ್ಮನಿಗೆ ನಾನು ಬೇಡವಾಗಿದ್ನಾ?"

"ಬರ್ತೀಯ ಅಂತ ಗೊತ್ತಿತ್ತು ಕಣೆ ಅವರಿಗೆ," ಅಂದೆ. ಜೀಬ್ರಾದಿಂದ ಹಿಡಿದು ವಿಮಾನದ ಕಿಟಕಿಯವರೆಗೆ ಎಲ್ಲ ಹೇಳಿದೆ. ಆ ಕಡೆಯಿಂದ ಮೂಗು ಎಳೆದುಕೊಳ್ಳುವ ಸದ್ದು ಮಾತ್ರ ಬರುತ್ತಿತ್ತು.

"ಆ ತರಕಾರಿಯಾಕೆ ಪ್ರತಿ ಭಾನುವಾರ ಕೇಳ್ತಾಳೆ ಅತ್ತಿಗೆ," ಅಂದಳು ಕೊನೆಗೆ. "ಅಮ್ಮ ಹೇಗಿದಾಳೆ, ಮತ್ತೆ ಯಾವಾಗ ಬರ್ತಾಳೆ ಅಂತ. ನಾನು ಇನ್ನೂ ಹೇಳಿಲ್ಲ. ಚೆನ್ನಾಗಿದಾಳೆ ಅಂತಲೇ ಅಂದುಬಿಡ್ತೀನಿ. ಇವತ್ತಾದ್ರೂ ಹೇಳಬೇಕು."

ಹೊರಗೆ ನಮ್ಮ ಬೀದಿಯಲ್ಲಿ ದೀಪ ಹತ್ತಿತ್ತು. ಅಲ್ಲಿ ಆಕೆ ಈಗ ತಾನೇ ಆಲೂಗಡ್ಡೆ ಸುರಿದು, ಬೇರೆ ಬೇರೆ ಬಣ್ಣದ್ದನ್ನು ಬೇರೆ ಮಾಡುತ್ತಾ ಕೂತಿರಬೇಕು.

"ಇವತ್ತೇ ಬೇಡ," ಅಂದೆ. "ಇನ್ನೊಂದಷ್ಟು ದಿನ ಚೆನ್ನಾಗಿದಾಳೆ ಅಂತಲೇ ಹೇಳು."